ಕಲ್ಲಿದ್ದಲು ಇದೆ, ಜನ ಯಾಕಿಲ್ಲ?

ರಷ್ಯಾದ ಉತ್ತರದ ವೊರ್ಕುಟಾ ಪಟ್ಟಣದ ಖಾಲಿ ಅಪಾರ್ಟ್‌ಮೆಂಟುಗಳ ಚಿತ್ರ ನೋಡಿ ಹಾವೇರಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ನೆಲದಡಿ ಕಲ್ಲಿದ್ದಲು ಇನ್ನೂ ಬೇಕಾದಷ್ಟಿದೆ ಅಂತಾರೆ. ಹಾಗಿದ್ದರೂ ಜನ ಊರು ಬಿಟ್ಟಿದ್ದೇಕೆ? ಚಳಿ ತಡೆಯಲಾರದೆಯೇ? ಮತ್ತೆ, ಉಳಿದವರು ಯಾಕೆ ಉಳಿದಿದ್ದಾರೆ?"

ಪ್ರಿಯ ಓದುಗರೇ,

ಚಳಿ ಮೊದಲಿನಿಂದಲೂ ಇತ್ತು. ಆರ್ಕ್‌ಟಿಕ್ ವೃತ್ತದಿಂದಲೂ ಮೇಲಿರುವ ಊರದು. ವರ್ಷದಲ್ಲಿ ಎಂಟು ತಿಂಗಳಿಗೂ ಜಾಸ್ತಿ ಹಿಮ. ಅಂಥ ಚಳಿಯಲ್ಲೇ ಆ ಊರು ಅರವತ್ತು ವರ್ಷ ಬೆಳೆಯಿತು. ಹಾಗಾಗಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳೋಣ. ಅಷ್ಟು ದೂರದಲ್ಲಿ ಗಣಿ ನಡೆಸೋ ಖರ್ಚನ್ನು ಇಷ್ಟು ದಿನ ಯಾರು ಹೊತ್ತಿದ್ದರು?

1930ರಲ್ಲಿ ಗಿಯೋರ್ಗಿ ಚೆರ್ನೊವ್ ಎಂಬ ಭೂವಿಜ್ಞಾನಿಗೆ ವೊರ್ಕುಟಾ ನದಿಯ ದಂಡೆಯಲ್ಲಿ ಕಲ್ಲಿದ್ದಲಿನ ಪದರ ಸಿಕ್ಕಿತು. ಒಳ್ಳೆ ಜಾತಿಯ ಕಲ್ಲಿದ್ದಲು, ಉಕ್ಕಿನ ಕಾರ್ಖಾನೆಗೆ ಬೇಕಾದ ಕೋಕ್ ಅದರಿಂದ ಆಗುತ್ತಿತ್ತು. ಆದರೆ ಆ ಬಯಲಿಗೆ ದುಡಿಯಲು ಯಾರು ಬರ್ತಾರೆ? ಸ್ಟಾಲಿನ್ ಸರ್ಕಾರ ಕೈದಿಗಳನ್ನು ಕಳಿಸಿತು. ಮೊದಲ ಗಣಿ ತೋಡಿದವರು ಅವರೇ. 1938ರಲ್ಲಿ ವೊರ್ಕುಟ್‌ಲಾಗ್ ಅನ್ನುವ ಪ್ರತ್ಯೇಕ ಶಿಬಿರವೇ ಆಯಿತು. 1950ರ ದಶಕದ ಶುರುವಿನಲ್ಲಿ ಅಲ್ಲಿ 70 ಸಾವಿರಕ್ಕೂ ಹೆಚ್ಚು ಕೈದಿಗಳಿದ್ದರು. ಕೋಟ್ಲಾಸ್‌ನಿಂದ ವೊರ್ಕುಟಾಗೆ ಸುಮಾರು 1,200 ಕಿ.ಮೀ. ರೈಲು ಹಳಿ ಹಾಕಿದವರೂ ಕೈದಿಗಳೇ. ಜವುಗು ನೆಲ, ಕೆಳಗೆ ಕರಗದ ಹಿಮ, ಹೊಟ್ಟೆಗೆ ಸರಿಯಾಗಿ ಊಟವಿಲ್ಲ. ಆ ಹಳಿಯ ಉದ್ದಕ್ಕೂ ಸತ್ತವರನ್ನು ನೆನೆದರೆ ಇವತ್ತಿಗೂ ಎದೆ ಭಾರವಾಗುತ್ತದೆ.

1941ರ ಡಿಸೆಂಬರಿನಲ್ಲಿ ಮೊದಲ ರೈಲು ಬಂತು. ಆಗ ಯುದ್ಧದ ಕಾಲ. ದೇಶದ ಅರ್ಧಕ್ಕಿಂತ ಹೆಚ್ಚು ಕಲ್ಲಿದ್ದಲು ಕೊಡುತ್ತಿದ್ದ ಡಾನ್‌ಬಾಸ್ ಪ್ರದೇಶದ ಬಹುಭಾಗ ಜರ್ಮನ್ನರ ಕೈಸೇರಿತ್ತು. ವೊರ್ಕುಟಾ ರಾತ್ರೋರಾತ್ರಿ ಬೇಕಾದ ಊರಾಯಿತು. 1943ರ ಜನವರಿಯಲ್ಲಿ ಲೆನಿನ್‌ಗ್ರಾಡ್‌ನ ಮುತ್ತಿಗೆ ಒಡೆದ ಮೇಲೆ ಆ ನಗರಕ್ಕೂ ಇಲ್ಲಿಂದಲೇ ಕಲ್ಲಿದ್ದಲು ಹೋಯಿತು. ಅದೇ ವರ್ಷ ನವೆಂಬರಿನಲ್ಲಿ ಪಟ್ಟಣದ ಸ್ಥಾನ ಸಿಕ್ಕಿತು.

ಸ್ಟಾಲಿನ್ ಸತ್ತ ಮೇಲೆ, 1953ರ ಜುಲೈನಲ್ಲಿ, ಕೈದಿಗಳು ಗಣಿಗೆ ಇಳಿಯಲು ಒಪ್ಪಲಿಲ್ಲ. ಆಗಸ್ಟ್ 1ರಂದು 29ನೇ ನಂಬರಿನ ಗಣಿಯ ಹತ್ತಿರ ಕಾವಲಿನವರು ಗುಂಡು ಹಾರಿಸಿದರು. ಹತ್ತಾರು ಜನ ಸತ್ತರು. ಆದರೂ ಆ ವ್ಯವಸ್ಥೆ ಜಾಸ್ತಿ ದಿನ ಬಾಳಲಿಲ್ಲ. ಗಣಿಗೆ ಸಂಬಳದ ಕೆಲಸಗಾರರು ಬೇಕಾದರು.

ಸುಮ್ನೆ ಕರೆದರೆ ಯಾರು ಹೋಗ್ತಾರೆ? ಸರ್ಕಾರ ದುಡ್ಡು ಸುರಿಯಿತು. ಉತ್ತರದಲ್ಲಿ ದುಡಿಯುವವರಿಗೆ ಸಂಬಳ ಜಾಸ್ತಿ, ಪಿಂಚಣಿ ಬೇಗ, ರಜೆಗೆ ದಕ್ಷಿಣಕ್ಕೆ ಹೋಗಿಬರುವ ಖರ್ಚು ಸರ್ಕಾರದ್ದು. ಈ ಲೆಕ್ಕ ಇವತ್ತಿಗೂ ಕಾನೂನಿನಲ್ಲಿದೆ. ವೊರ್ಕುಟಾದಲ್ಲಿ ಮೂಲ ಸಂಬಳವನ್ನು 1.6ರಿಂದ ಗುಣಿಸುತ್ತಾರೆ. ಅದರ ಮೇಲೆ ಅಲ್ಲಿ ಕಳೆದ ವರ್ಷಗಳಿಗೆ ತಕ್ಕಂತೆ ಶೇ. 80ರವರೆಗೆ ಇನ್ನೊಂದು ಭತ್ಯೆ. ಜನ ಬಂದರು. ಪಟ್ಟಣದ ಸುತ್ತ ಉಂಗುರದ ಹಾಗೆ 13 ಗಣಿಗಳು, ಒಂದೊಂದರ ಪಕ್ಕಕ್ಕೂ ಒಂದೊಂದು ಬಡಾವಣೆ. ಹದಿನೈದಿಪ್ಪತ್ತು ವರ್ಷ ದುಡಿದು, ದುಡ್ಡು ಕೂಡಿಟ್ಟು, ಬಿಸಿಲಿರುವ ಊರಲ್ಲಿ ಮನೆ ಮಾಡಬೇಕು ಅನ್ನೋದು ಎಷ್ಟೋ ಮನೆಗಳ ಆಸೆ.

ಆ ಆಸೆಗೆ ಕಲ್ಲು ಬಿದ್ದಿದ್ದು 1992ರಲ್ಲಿ. ಬೆಲೆಗಳ ಮೇಲಿನ ಹಿಡಿತವನ್ನು ಸರ್ಕಾರ ಬಿಟ್ಟಿತು, ಒಂದೇ ವರ್ಷದಲ್ಲಿ ಬೆಲೆ ಇಪ್ಪತ್ತು ಪಟ್ಟಿಗೂ ಮೇಲೆ ಏರಿತು. ಬ್ಯಾಂಕಿನಲ್ಲಿ ಇಟ್ಟಿದ್ದ ಉಳಿತಾಯ ನೀರುಪಾಲಾಯಿತು. ನನ್ನ ಪ್ರಕಾರ ಈ ಊರಿನ ಕಥೆಯಲ್ಲಿ ಅತಿ ದೊಡ್ಡ ಅನ್ಯಾಯ ನಡೆದಿದ್ದು ಗಣಿ ಮುಚ್ಚಿದಾಗ ಅಲ್ಲ, ಇಲ್ಲಿ. 1989 ಮತ್ತು 1991ರಲ್ಲಿ ದೊಡ್ಡ ಮುಷ್ಕರ ಮಾಡಿ ಸೋವಿಯತ್ ಸರ್ಕಾರವನ್ನೇ ಅಲುಗಾಡಿಸಿದವರು ಇದೇ ಗಣಿ ಕೆಲಸಗಾರರು. ಅವರೇ 1998ರಲ್ಲಿ ಬಾಕಿ ಸಂಬಳಕ್ಕಾಗಿ ರೈಲು ಹಳಿಯ ಮೇಲೆ ಕೂರಬೇಕಾಯಿತು.

ಸಬ್ಸಿಡಿ ನಿಂತ ಮೇಲೆ ನಷ್ಟದ ಗಣಿಗಳು ಒಂದೊಂದಾಗಿ ಮುಚ್ಚಿದವು. ದೂರದ ಖರ್ಚು ಆಗ ಎದ್ದು ಕಂಡಿತು. ವೊರ್ಕುಟಾದ ಕಲ್ಲಿದ್ದಲು ಕೊಳ್ಳುವ ಚೆರೆಪೊವೆಟ್ಸ್ ಉಕ್ಕಿನ ಕಾರ್ಖಾನೆ ರೈಲು ದಾರಿಯಲ್ಲಿ ಸುಮಾರು 1,900 ಕಿ.ಮೀ. ದೂರ. ಹೊರಗಿನಿಂದ ಊರಿಗೆ ರಸ್ತೆಯೇ ಇಲ್ಲ. ಗಣಿಯೊಳಗಿನ ಮೀಥೇನ್ ಅಪಾಯ ಬೇರೆ. 2016ರ ಫೆಬ್ರವರಿಯಲ್ಲಿ ಸೆವೆರ್ನಯಾ ಗಣಿಯ ಸ್ಫೋಟಗಳಲ್ಲಿ 36 ಜನ ಸತ್ತರು. ಅದರಲ್ಲಿ ಐವರು ರಕ್ಷಣೆಗೆ ಇಳಿದವರು. 1989ರಲ್ಲಿ ಪಟ್ಟಣದಲ್ಲಿ 1 ಲಕ್ಷ 15 ಸಾವಿರ ಜನರಿದ್ದರು. 2021ರ ಜನಗಣತಿಯಲ್ಲಿ ಸಿಕ್ಕಿದ್ದು 57 ಸಾವಿರ.

ಇನ್ನು ನೀವು ನೋಡಿದ ಆ ಖಾಲಿ ಕಟ್ಟಡಗಳು. ಅಲ್ಲಿ ಮನೆಮನೆಗೆ ಒಲೆ ಇರೋದಿಲ್ಲ. ದೂರದ ಸ್ಥಾವರದಲ್ಲಿ ಕಾಯಿಸಿದ ನೀರು ದಪ್ಪ ಕೊಳವೆಗಳಲ್ಲಿ, ನೆಲದ ಮೇಲೇ ಹರಿದು ಬಂದು ಇಡೀ ಕಟ್ಟಡವನ್ನು ಬೆಚ್ಚಗಿಡುತ್ತದೆ. ಐದು ಮಹಡಿಯಲ್ಲಿ ಎರಡೇ ಸಂಸಾರ ಉಳಿದರೂ ಎಲ್ಲ ಕೊಳವೆಗೂ ಬಿಸಿನೀರು ಹರಿಯಲೇಬೇಕು. ನಿಲ್ಲಿಸಿದರೆ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುತ್ತದೆ. ಸೋರಿದ ನೀರು ಮೆಟ್ಟಿಲ ಮೇಲೆ, ಕೈಹಿಡಿಯ ಮೇಲೆ, ಬಾಗಿಲ ಸಂದಿನಲ್ಲಿ ಮಂಜುಗಡ್ಡೆಯಾಗಿ ನಿಲ್ಲುತ್ತದೆ. ಅದಕ್ಕೇ ನಗರಾಡಳಿತ ಹೊರವಲಯದಲ್ಲಿ ಚದುರಿ ಉಳಿದವರನ್ನು ಊರ ನಡುವಿನ ಮನೆಗಳಿಗೆ ಸೇರಿಸಿ, ಹಳೇ ಕಟ್ಟಡಗಳ ಸಂಪರ್ಕ ಕಿತ್ತುಹಾಕುತ್ತಿದೆ.

ಉಳಿದವರು ಯಾಕೆ ಉಳಿದರು ಅಂದಿರಿ. ಹಲವರಿಗೆ ಗಣಿಯಲ್ಲಿ ಇನ್ನೂ ಕೆಲಸವಿದೆ, ನಾಲ್ಕು ಗಣಿಗಳು ಉಳಿದಿವೆ. ಹಲವರಿಗೆ ಅದು ಹುಟ್ಟಿದ ಊರು. ಇನ್ನು ಕೆಲವರ ಕಷ್ಟವೇ ಬೇರೆ. ಅಲ್ಲಿನ ಮನೆಗೆ ಬೆಲೆಯೇ ಇಲ್ಲ, ಮಾರಿದ ದುಡ್ಡಿನಲ್ಲಿ ಬೇರೆಲ್ಲೂ ಒಂದು ಕೋಣೆಯೂ ಬರುವುದಿಲ್ಲ. ಉತ್ತರ ಬಿಟ್ಟು ಬರುವವರ ಮನೆಗೆ ಸಹಾಯಧನ ಕೊಡುವ ಕಾನೂನು 2002ರಲ್ಲೇ ಬಂದಿದೆ. ಆದರೆ ಅದಕ್ಕೆ ಸರದಿ ಇದೆ. ಮೊದಲು ಅಂಗವಿಕಲರು, ಆಮೇಲೆ ಪಿಂಚಣಿದಾರರು, ಆಮೇಲೆ ಕೆಲಸ ಇಲ್ಲದವರು, ಕೊನೆಗೆ ದುಡಿಯುತ್ತಿರುವವರು. ಕಾಯುತ್ತಲೇ ಮುದಿಯಾಗುವವರಿದ್ದಾರೆ.

ಊರು ಮುಚ್ಚಬೇಕೋ ಉಳಿಸಬೇಕೋ ಅನ್ನೋ ವಾದ ಆಮೇಲೆ ನಡೆಯಲಿ. ಸರ್ಕಾರವೇ ಭರವಸೆ ಕೊಟ್ಟು ಕರೆಸಿಕೊಂಡ ಜನ ಇವರು. ಆ ಸರದಿಯಲ್ಲಿ ನಿಂತವರ ದುಡ್ಡು ಮೊದಲು ಚುಕ್ತಾ ಆಗಬೇಕು.

— ಸಂಪಾದಕ