ಅಂಗಳ ದಾಟಿದ್ರೆ ಕಾಲ್ ಕಟ್

ಪ್ರಶ್ನೆ: ನಮ್ದು ಸಿದ್ದಾಪುರದ ಹತ್ರ ತೋಟದ ಮನೆ. ಒಳಗೆ ಸಿಗ್ನಲ್ ಬರಲ್ಲ ಅಂತ ಫೈಬರ್ ಹಾಕಿಸಿ ವೈಫೈ ಕಾಲಿಂಗ್ ಆನ್ ಮಾಡ್ಕೊಂಡಿದೀವಿ, ಚೆನ್ನಾಗೇ ಕೇಳುತ್ತೆ. ಆದ್ರೆ ಮಾತಾಡ್ತಾ ಅಂಗಳ ದಾಟಿ ದಣಪೆ ಹತ್ರ ಹೋದ್ರೆ ಕಟ್ ಆಗುತ್ತೆ, ಅಲ್ಲಿ ಎರಡು ಕಡ್ಡಿ ಸಿಗ್ನಲ್ ಇದ್ರೂ! ಮೊನ್ನೆ ಅಮ್ಮಂಗೆ ಹುಷಾರಿಲ್ಲ ಅಂತ ಡಾಕ್ಟ್ರ ಹತ್ರ ಮಾತಾಡುವಾಗ್ಲೂ ಹೀಗೇ ಆಯ್ತು. ಫೋನ್ ಹಾಳಾಗಿದ್ಯಾ?
– ಒಬ್ಬ ಓದುಗರು, ಉತ್ತರ ಕನ್ನಡ

ಉತ್ತರ: ಫೋನ್ ಸರಿಯಾಗೇ ಇರ್ಬೇಕು, ಹೊಸದು ತಗೊಳೋಕೆ ಹೋಗ್ಬೇಡಿ. ದಣಪೆ ಹತ್ರ ವೈಫೈ ಆಫ್ ಮಾಡಿ ನೋಡಿ, ಆ ಎರಡು ಕಡ್ಡಿ ಪಕ್ಕ 4ಜಿ ಅಂತ ಬರುತ್ತಾ ಇಲ್ಲ 2ಜಿ ಅಥವಾ ಇ (E, ಅದೂ 2ಜಿನೇ) ಅಂತ ಬರುತ್ತಾ? ಎಲ್ಲಾ ಇರೋದು ಅಲ್ಲೇ.

ವೈಫೈ ಕಾಲ್ ಆಗ್ಲಿ 4ಜಿಯ ವೋಲ್ಟಿ (VoLTE, 4ಜಿ ಡೇಟಾ ಮೇಲೇ ಮಾತಾಡೋದು) ಕಾಲ್ ಆಗ್ಲಿ ಎರಡೂ ಕೊನೆಗೆ ಹೋಗೋದು ಸಿಮ್ ಕಂಪನಿಯ ಐಎಂಎಸ್ ಅನ್ನೋ ಒಂದೇ ವ್ಯವಸ್ಥೆಗೆ, ಮಾತು ಡೇಟಾ ಪ್ಯಾಕೆಟ್ ಆಗಿ ಹೋಗುತ್ತೆ, ಹಾಗಾಗಿ ವೈಫೈ ಬಿಟ್ಟು 4ಜಿ ಹಿಡಿದಾಗ ದಾರಿ ಬದಲಾಗುತ್ತೆ ಅಷ್ಟೆ, ಕಾಲ್ ಉಳಿಯುತ್ತೆ. 2ಜಿ ಹಳೇ ಸರ್ಕ್ಯೂಟ್ ಪದ್ಧತಿ, ಅಂದ್ರೆ ಪ್ರತಿ ಕಾಲಿಗೂ ಒಂದು ದಾರಿ ಮೀಸಲಿಡ್ಬೇಕು. 4ಜಿಯಿಂದ ಅದಕ್ಕೆ ಇಳಿಸೋಕೆ ಎಸ್‌ಆರ್‌ವಿಸಿಸಿ ಅಂತ ಒಂದು ಏರ್ಪಾಡಿದೆ, 2ಜಿ ಕಡೆ ಮೊದ್ಲೇ ಜಾಗ ಹಿಡಿದಿಟ್ಟು ಆಮೇಲೆ ಫೋನಿಗೆ ದಾಟು ಅಂತ ಟವರ್ ಹೇಳುತ್ತೆ, ಮಧ್ಯೆ ಮಾತು ನಿಲ್ಲೋದು 300 ಮಿಲಿಸೆಕೆಂಡ್ ಮೀರಬಾರದು ಅನ್ನೋದು ಗುರಿ. ನಿಮ್ಮನೆ ರೂಟರ್‌ಗೆ ಹಾಗೆ ಜಾಗ ಹಿಡಿಯೋಕೆ ಬರಲ್ಲ, ಅದಕ್ಕೇ ವೈಫೈಯಿಂದ ನೇರ 2ಜಿಗೆ ಹೋದ್ರೆ ಸಾಮಾನ್ಯವಾಗಿ ಕಟ್.

ಅಲ್ಲಿ 4ಜಿ ಇದ್ದೂ ಕಟ್ಟಾಗ್ತಿದ್ರೆ ಎರಡು ಕೆಲಸ ಮಾಡಿ. ಸೆಟ್ಟಿಂಗ್ಸಲ್ಲಿ ವೋಲ್ಟಿ ಆನ್ ಇದ್ಯಾ ನೋಡಿ, ಹಾಗೇ ವೈಫೈ ಕಾಲಿಂಗ್ ಒಳಗೆ ಪ್ರಿಫರೆನ್ಸ್ ಅಂತ ಇದ್ರೆ (ಎಲ್ಲಾ ಫೋನಲ್ಲೂ ಇರಲ್ಲ) ಮೊಬೈಲ್ ನೆಟ್‌ವರ್ಕ್ ಅಂತ ಇಡಿ. ಮನೆ ಒಳಗೆ ಸಿಗ್ನಲ್ ಇಲ್ಲದಿದ್ರೆ ಅದು ತಾನಾಗೇ ವೈಫೈ ಹಿಡಿಯುತ್ತೆ, ಅಂಗಳದಲ್ಲಿ 4ಜಿ ಸಿಕ್ಕ ಕೂಡ್ಲೇ ದಾಟೋಕೆ ನೋಡುತ್ತೆ, ಸಾಯ್ತಿರೋ ವೈಫೈಗೆ ಕೊನೇ ತನಕ ಜೋತಾಡಲ್ಲ. ಇನ್ನೊಂದು, ರೂಟರ್ ಒಳಮನೇಲಿದ್ರೆ ಜಗಲಿಗೆ ತನ್ನಿ. ವೈಫೈ, 4ಜಿ ಎರಡೂ ಒಟ್ಟಿಗೆ ಸಿಗೋ ಹತ್ತು ಹೆಜ್ಜೆ ಜಾಗ ಇದ್ರೂ ಸಾಕು, ಫೋನಿಗೆ ದಾಟೋಕೆ ಟೈಮ್ ಸಿಗುತ್ತೆ, ನಮ್ ಕಡೆ ಮಣ್ಣಿನ ದಪ್ಪ ಗೋಡೆ ಮನೆಗಳಲ್ಲಿ ಇದೇ ಹೆಚ್ಚು ಉಪಯೋಗಕ್ಕೆ ಬರೋದು ಅಂತ ನನ್ನ ಅಭಿಪ್ರಾಯ.

ಬರೀ 2ಜಿ ಇದ್ರೆ ಸೆಟ್ಟಿಂಗ್ ಏನೇ ಮಾಡಿದ್ರೂ ಆಗಲ್ಲ. ಡಾಕ್ಟ್ರಿಗೆ ಮಾಡೋ ಕಾಲ್ ಒಳಗೇ ಕೂತು ಮುಗಿಸಿ, ಇಲ್ಲಾ ದಣಪೆ ಹತ್ರ ಹೋಗಿ ವೈಫೈ ಆಫ್ ಮಾಡಿ ಅಲ್ಲಿಂದಲೇ ಮಾಡಿ. ಅಮ್ಮ ಬೇಗ ಹುಷಾರಾಗ್ಲಿ.