ದಿನಕ್ಕೆ ಎರಡು ಸಾವಿರ, ಆದರೆ ಯಾರ ಜೇಬಿಗೆ?

ಪ್ರಶ್ನೆ: ಪೀಣ್ಯದ ಫ್ಯಾಕ್ಟರಿ ಕೆಲಸ ಬಿಟ್ಟು ಪಾರ್ಸೆಲ್ ಡೆಲಿವರಿಗೆ ಇಳಿಯಬೇಕೆಂದಿದ್ದೇನೆ. ಮಾವನ ಓಮ್ನಿ ಇದೆ, ವೈಟ್ ಬೋರ್ಡ್. ನನ್ನ ಹತ್ತಿರ ಕಾರಿನ ಡಿಎಲ್ ಇದೆ. ಪೀಸ್ ಲೆಕ್ಕದಲ್ಲಿ ಕೊಡುತ್ತಾರಂತೆ, ದಿನಕ್ಕೆ ಎರಡು ಸಾವಿರ ಗ್ಯಾರಂಟಿ ಅಂತಾನೆ ಏಜೆಂಟ್. ಧೈರ್ಯ ಮಾಡಲಾ?
– ಒಬ್ಬ ಓದುಗ, ಲಗ್ಗೆರೆ

ಉತ್ತರ: ಡಿಎಲ್ ಚಿಂತೆ ಬಿಡಿ. ಎಲ್‌ಎಂವಿ, ಅಂದರೆ ಕಾರಿನಂತಹ ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆಜಿವರೆಗಿನ ಸರಕು ಗಾಡಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಆದರೆ ಮಾವನ ಓಮ್ನಿ ಬೇಡವೇ ಬೇಡ. ವೈಟ್ ಬೋರ್ಡ್ ಗಾಡಿಯಲ್ಲಿ ಬಾಡಿಗೆ ಹೊಡೆದರೆ ದಂಡ ಬೀಳುತ್ತದೆ, ಅದಾದರೂ ಕಟ್ಟಿ ಮುಗಿಸಬಹುದು, ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್‌ನವರು ಕೈ ಎತ್ತಿದರೆ ಏನು ಮಾಡುತ್ತೀರಿ? ಯೆಲ್ಲೋ ಬೋರ್ಡ್ ಗಾಡಿಯೇ ಬೇಕು. ಟಾಟಾ ಏಸ್‌ನಂತಹ, ಲೋಡ್ ಸೇರಿ ಒಟ್ಟು ತೂಕ 3,000 ಕೆಜಿ ದಾಟದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಟ್ಯಾಕ್ಸ್ ಮಾತ್ರ ಸರಿಯಾಗಿರಲಿ.

ಇನ್ನು ಆ ಎರಡು ಸಾವಿರ. ನಾನೂ ಒಂದಷ್ಟು ಕಾಲ ಇದೇ ಕೆಲಸ ಮಾಡಿದವನು, ಅದಕ್ಕೇ ಹೇಳುತ್ತಿದ್ದೇನೆ, ಅದು ಗಾಡಿಯ ದುಡಿಮೆ, ನಿಮ್ಮದಲ್ಲ. ಡೀಸೆಲ್, ಇಎಂಐ, ಸರ್ವಿಸ್, ಟೈರ್ ಎಲ್ಲ ಅದರಲ್ಲೇ ಹೋಗಬೇಕು. ಗಾಡಿ ಗ್ಯಾರೇಜಿಗೆ ಹೋದ ದಿನ, ನಿಮಗೆ ಜ್ವರ ಬಂದ ದಿನ ಸೊನ್ನೆ. ಫ್ಯಾಕ್ಟರಿಯ ಪಿಎಫ್, ಇಎಸ್‌ಐ ಕೂಡ ಇರುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಏಜೆಂಟ್ ಹತ್ತಿರ ಒಂದೇ ಪ್ರಶ್ನೆ ಕೇಳಿ: ಮನೆಯಲ್ಲಿ ಯಾರೂ ಇಲ್ಲದೆ ವಾಪಸ್ ತಂದ ಪಾರ್ಸೆಲ್‌ಗೆ ದುಡ್ಡು ಕೊಡುತ್ತೀರಾ? ಮುಖ ನೋಡಿದರೆ ಗೊತ್ತಾಗುತ್ತದೆ. ಯಾವ ಏರಿಯಾ ಅನ್ನುವುದೂ ಮುಖ್ಯ. ಸರ್ಜಾಪುರ ರಸ್ತೆಯ ದೊಡ್ಡ ಅಪಾರ್ಟ್‌ಮೆಂಟ್‌ನಲ್ಲಿ ಒಂದೇ ಗೇಟಿನೊಳಗೆ ಹತ್ತಾರು ಪೀಸ್ ಮುಗಿಯುತ್ತವೆ, ಆದರೆ ಸೆಕ್ಯುರಿಟಿ ಎಂಟ್ರಿ, ಸರ್ವಿಸ್ ಲಿಫ್ಟ್, ಓಟಿಪಿ ಅಂತ ಕಾದು ಕಾದು ಸಾಕಾಗುತ್ತದೆ. ಚಿಕ್ಕಪೇಟೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವುದೇ ಅರ್ಧ ಕೆಲಸ.

ಆಪ್ ಮೂಲಕ ಕೆಲಸ ಸಿಗುವುದಾದರೆ ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆ ಇದೆ, ಕೆಲಸದಿಂದ ತೆಗೆಯುವ ಮುಂಚೆ ಸಾಮಾನ್ಯವಾಗಿ 14 ದಿನದ ನೋಟಿಸ್ ಕೊಡಬೇಕು. ಬರೀ ಬಾಯಿಮಾತಿನ ಏಜೆಂಟ್ ಆದರೆ ರೇಟು, ಕಡಿತ ಎಲ್ಲ ಬರೆಸಿಕೊಳ್ಳಿ.

ಲೋನ್‌ಗೆ ಸಹಿ ಹಾಕುವ ಮುಂಚೆ ನಾಲ್ಕು ದಿನ ರಜೆ ಹಾಕಿ, ಅದೇ ರೂಟಿನ ಡ್ರೈವರ್ ಜೊತೆ ಸುಮ್ನೆ ಪಕ್ಕದಲ್ಲಿ ಕೂತು ಹೋಗಿ ಬನ್ನಿ. ಟೀ ಖರ್ಚು ನಿಮ್ಮದೇ ಇರಲಿ, ಆಗ ನಿಜವಾದ ಲೆಕ್ಕ ಬಾಯಿಬಿಡುತ್ತಾರೆ.