ಕೊನೆ ಗೊತ್ತಿದ್ದರೂ ಓದುವ ಸುಖ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇದ್ದದ್ದು ಕ್ರಿಸ್‌ಮಸ್ ಹೊತ್ತಿನ ಪ್ರೇಮ ಕಾದಂಬರಿಗಳ ಬಗ್ಗೆ. ಅದರಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಡಿಸೆಂಬರ್ ಬಂತೆಂದರೆ ನನಗೆ ಒಂದಾದರೂ ಕ್ರಿಸ್‌ಮಸ್ ಪ್ರೇಮ ಕಾದಂಬರಿ ಬೇಕು. ಯಾರು ಯಾರನ್ನು ಸೇರುತ್ತಾರೆ ಅನ್ನೋದು ಮೊದಲ ಅಧ್ಯಾಯದಲ್ಲೇ ಗೊತ್ತಾಗುತ್ತದೆ, ಆದರೂ ಬಿಡೋಕಾಗಲ್ಲ. ಮನೆಯಲ್ಲಿ ‘ಎಲ್ಲಾ ಒಂದೇ ಕಥೆ, ಅದೇನು ಓದ್ತೀಯೋ’ ಅನ್ನುತ್ತಾರೆ. ಅವರು ಹೇಳೋದು ಸರಿನಾ ಮೇಡಂ?

ಕೊನೆ ಒಂದೇ ಅನ್ನೋದು ನಿಜ. ಅದನ್ನು ಒಪ್ಪಿಕೊಂಡುಬಿಡಿ. ಆದರೆ ಪತ್ತೇದಾರಿ ಕಥೆ ಓದುವವರಿಗೂ ಕೊಲೆಗಾರ ಸಿಕ್ಕಿಬೀಳುತ್ತಾನೆ ಅಂತ ಮೊದಲೇ ಗೊತ್ತಿರುತ್ತದೆ. ಅವರನ್ನು ಯಾರೂ ಹೀಗೆ ಕೇಳುವುದಿಲ್ಲ, ಅಲ್ವಾ?

‘ಮುಂದೇನಾಗುತ್ತೋ’ ಅನ್ನುವ ದಿಗಿಲು ಇಲ್ಲದಿದ್ದಾಗ ಓದುವ ರೀತಿಯೇ ಬದಲಾಗುತ್ತದೆ. ಪುಟ ಹಾರಿಸುವ ಅವಸರ ಇರುವುದಿಲ್ಲ. ಅವಳು ಕೇಳದಿದ್ದರೂ ಅವನು ಬೆಳಿಗ್ಗೆಯೇ ಬಂದು ಅವಳ ಮನೆ ಮುಂದಿನ ಹಿಮ ಸರಿಸಿ ಹೋಗಿರುತ್ತಾನೆ, ಅವಳು ಕಿಟಕಿಯಿಂದ ನೋಡಿ ಪರದೆ ಎಳೆದುಕೊಳ್ಳುತ್ತಾಳೆ, ಅವಳು ನೋಡಿದಳು ಅನ್ನೋದು ಅವನಿಗೆ ಗೊತ್ತಿಲ್ಲ ಆದರೆ ನಮಗೆ ಗೊತ್ತು, ಆ ಗುಟ್ಟು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಐವತ್ತು ಪುಟ ಓದುತ್ತೇವಲ್ಲ, ಸುಖ ಇರುವುದು ಅಲ್ಲಿ. ಇಬ್ಬರೂ ಸೇರುತ್ತಾರೆ ಅಂತ ನಮಗೆ ಗೊತ್ತು. ಅವರಿಗೆ ಮಾತ್ರ ಇನ್ನೂ ಗೊತ್ತಿಲ್ಲ.

ಜೊತೆಗೆ ಹಬ್ಬವೇ ಕಥೆಗೆ ಒಂದು ಗಡುವು ಕೊಡುತ್ತದೆ. 24ರ ರಾತ್ರಿಯೊಳಗೆ ಎಲ್ಲರೂ ಮನೆ ಸೇರಬೇಕು. ಬರಲಾರೆ ಅಂದವನೂ ಬರುತ್ತಾನೆ, ಮಾತು ಬಿಟ್ಟವರೂ ಒಂದೇ ಮೇಜಿನ ಸುತ್ತ ಕೂರಬೇಕಾಗುತ್ತದೆ, ಮೇಲಿಂದ ಹಿಮ ಬಿದ್ದು ರಸ್ತೆ ಮುಚ್ಚಿದರೆ ಅಲ್ಲಿಂದ ಏಳುವ ಹಾಗೂ ಇಲ್ಲ. ಇದು ಹೊಸ ಉಪಾಯವೇನಲ್ಲ. ಜೇನ್ ಆಸ್ಟಿನ್ 1815ರಲ್ಲಿ ಪ್ರಕಟಿಸಿದ ‘ಎಮ್ಮಾ’ ಕಾದಂಬರಿಯಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಒಂದು ಔತಣ ಇದೆ. ಹೊರಗೆ ಹಿಮ ಬೀಳುತ್ತಿದೆ ಅಂತ ಗಾಬರಿಯಾಗಿ ಎಲ್ಲರೂ ಬೇಗ ಹೊರಡುತ್ತಾರೆ. ಆ ಗಡಿಬಿಡಿಯಲ್ಲಿ ಎಮ್ಮಾ ಗಾಡಿಯೊಳಗೆ ಪಾದ್ರಿಯ ಜೊತೆ ಒಬ್ಬಳೇ ಉಳಿಯುತ್ತಾಳೆ. ತನ್ನ ಗೆಳತಿಗೆ ಗಂಟು ಹಾಕಬೇಕು ಅಂತ ಅವಳು ಓಡಾಡುತ್ತಿದ್ದದ್ದು ಅವನನ್ನೇ! ಅವನು ಎಮ್ಮಾಳನ್ನೇ ಮದುವೆಯಾಗು ಅಂತ ಕೇಳಿಬಿಡುತ್ತಾನೆ. ಮುಂದಿನ ಕೆಲವು ದಿನ ಅದೇ ಹಿಮದಿಂದ ಅವಳು ಮನೆಯಲ್ಲೇ ಉಳಿಯುತ್ತಾಳೆ, ಅವನ ಮುಖ ನೋಡುವ ಕಷ್ಟ ತಪ್ಪುತ್ತದೆ. ಒಂದೇ ಹಿಮದಿಂದ ಎರಡು ಕೆಲಸ. ಈಗಿನ ಲೇಖಕಿಯರು ಬಳಸುವುದೂ ಇದೇ ಸಾಮಾನು.

ಮನೆಯವರಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ. ನಿಮಗೆ ತುಂಬಾ ಇಷ್ಟವಾದ ಎರಡು ಪುಟ ಅವರಿಗೆ ಓದಿ ಹೇಳಿ, ಸಾಕು.

ಪ್ರಶ್ನೆ: ಕ್ರಿಸ್‌ಮಸ್‌ಗೆ ಅಂತಲೇ ಪುಸ್ತಕ ತರೋದು ಪ್ರಕಾಶಕರ ಇತ್ತೀಚಿನ ವ್ಯಾಪಾರ ತಂತ್ರ ಅಲ್ವಾ?

ವ್ಯಾಪಾರ ಹೌದು, ಇತ್ತೀಚಿನದಲ್ಲ. ಚಾರ್ಲ್ಸ್ ಡಿಕನ್ಸ್ ತನ್ನ ‘ಎ ಕ್ರಿಸ್‌ಮಸ್ ಕ್ಯಾರಲ್’ ತಂದದ್ದು 1843ರ ಡಿಸೆಂಬರ್ 19ಕ್ಕೆ. ಮೊದಲ ಮುದ್ರಣದ 6,000 ಪ್ರತಿ ಹಬ್ಬದ ಹಿಂದಿನ ದಿನಕ್ಕೇ ಖಾಲಿಯಾಗಿತ್ತು. ಅದು ಪ್ರೇಮಕಥೆ ಅಲ್ಲ, ಆದರೆ ಹಬ್ಬಕ್ಕೊಂದು ಪುಸ್ತಕ ಅನ್ನುವ ರುಚಿ ಹತ್ತಿಸಿದ್ದರಲ್ಲಿ ಅದರ ಪಾಲು ದೊಡ್ಡದು.

ಪ್ರಶ್ನೆ: ಕಳೆದ ವರ್ಷ ಮೂರು ಪುಸ್ತಕ ತಂದು ಮೂರನ್ನೂ ಅರ್ಧಕ್ಕೆ ಬಿಟ್ಟೆ. ಹಿಮ, ದೀಪ, ಬೇಕರಿ, ಅಷ್ಟೇ. ಒಳ್ಳೆಯದನ್ನು ಆರಿಸೋದು ಹೇಗೆ?

ಮುಖಪುಟ ನೋಡಿ ತರಬೇಡಿ. ಎಲ್ಲವೂ ಒಂದೇ ಥರ ಇರುತ್ತವೆ. ಅವರಿಬ್ಬರೂ ಮೊದಲ ಸಲ ಮಾತಾಡುವ ಪುಟ ಹುಡುಕಿ ಓದಿ. ಆ ಮಾತಿನಲ್ಲಿ ಜೀವ ಇಲ್ಲದಿದ್ದರೆ ಆಮೇಲೆ ಎಷ್ಟು ದೀಪ ಹಚ್ಚಿದರೂ ಪ್ರಯೋಜನ ಇಲ್ಲ.

ಇನ್ನೊಂದು, ನನಗೆ ಇದೇ ಮುಖ್ಯ. ಅವರಿಬ್ಬರ ನಡುವೆ ಅಡ್ಡ ಬಂದಿರುವುದು ಏನು ಅಂತ ನೋಡಿ. ಐದು ನಿಮಿಷ ಕೂತು ಮಾತಾಡಿದರೆ ಬಗೆಹರಿಯುವ ತಪ್ಪು ತಿಳಿವಳಿಕೆಯನ್ನು ಇನ್ನೂರು ಪುಟ ಎಳೆದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನಿಮಗೂ ಅದೇ ಆಗಿರಬೇಕು. ಅದರ ಬದಲು ಅವಳಿಗೆ ಬೇರೆ ದೇಶದಲ್ಲಿ ಕೆಲಸ ಸಿಕ್ಕಿದೆ, ಅವನು ಕಾಯಿಲೆಯ ಅಪ್ಪನನ್ನು ಬಿಟ್ಟು ಬರಲಾರ ಅಂತಿದ್ದರೆ ಇಬ್ಬರ ಕಡೆಯೂ ನ್ಯಾಯ ಇರುತ್ತದೆ. ಕೊನೆ ಗೊತ್ತಿದ್ದರೂ ಇದು ಹೇಗೆ ಬಿಡಿಸಿಕೊಳ್ಳುತ್ತದೋ ಅಂತ ನಾವೂ ಯೋಚಿಸುತ್ತೇವೆ.

ಕೆಲವು ಕಾದಂಬರಿಗಳು ಮುತ್ತಿನ ಹತ್ತಿರ ನಿಲ್ಲುತ್ತವೆ, ಕೆಲವು ಮಲಗುವ ಕೋಣೆಯ ಒಳಗೂ ಹೋಗುತ್ತವೆ. ನಿಮಗೆ ಯಾವುದು ಹಿಡಿಸುತ್ತದೋ ಅದನ್ನು ಬೇರೆ ಓದುಗರ ಅಭಿಪ್ರಾಯ ನೋಡಿ ಮೊದಲೇ ತಿಳಿದುಕೊಳ್ಳಿ.

ಮತ್ತೆ ಒಂದೇ ದಿನದಲ್ಲಿ ಮುಗಿಸಬೇಡಿ. ಮುನ್ನೂರು ಪುಟದ ಪುಸ್ತಕವನ್ನು 18ರ ರಾತ್ರಿ ಶುರು ಮಾಡಿ ದಿನಕ್ಕೆ ನಲವತ್ತೈದು ಪುಟದಂತೆ ಓದಿದರೆ 24ರ ರಾತ್ರಿಗೆ ಕೊನೆಯ ಪುಟಕ್ಕೆ ಬರುತ್ತೀರಿ. ಕಥೆಯೊಳಗಿನ ದಿನಗಳೂ ಹೊರಗಿನ ದಿನಗಳೂ ಒಟ್ಟಿಗೆ ನಡೆಯುತ್ತವೆ. ಒಮ್ಮೆ ಮಾಡಿ ನೋಡಿ, ನಾನು ಪ್ರತಿ ವರ್ಷ ಹೀಗೇ ಓದುತ್ತೇನೆ.

ಪ್ರಶ್ನೆ: ಈ ವರ್ಷ ನನ್ನ ಮದುವೆ ಮುರಿಯಿತು. ಹಬ್ಬದ ರಾತ್ರಿ ಮೊದಲ ಸಲ ಒಬ್ಬಳೇ ಇರುತ್ತೇನೆ. ಪ್ರತಿ ವರ್ಷದಂತೆ ಪ್ರೇಮ ಕಾದಂಬರಿ ಓದಲಾ, ಅಥವಾ ಅದರಿಂದ ನೋವು ಜಾಸ್ತಿಯಾಗುತ್ತಾ?

ಎರಡೂ ಆಗಬಹುದು ತಂಗಿ. ನನಗೂ ಅಂಥ ಒಂದು ಡಿಸೆಂಬರ್ ಇತ್ತು. ಹತ್ತು ಪುಟ ಓದಿ ಕೆಳಗಿಟ್ಟೆ, ಇನ್ನೊಬ್ಬರ ಸಂತೋಷವನ್ನು ಕಾದಂಬರಿಯಲ್ಲೂ ತಡೆದುಕೊಳ್ಳಲು ಆಗಲಿಲ್ಲ. ಎರಡು ವಾರ ಬಿಟ್ಟು ಅದೇ ಪುಸ್ತಕ ತೆಗೆದಾಗ ಚೆನ್ನಾಗಿ ಅತ್ತೆ, ಆದರೆ ಪೂರ್ತಿ ಓದಿದೆ.

ಇಪ್ಪತ್ತರ ಹುಡುಗಿಯ ಮೊದಲ ಪ್ರೀತಿಯ ಕಥೆ ಈಗ ಬೇಡ. ಒಮ್ಮೆ ಪೆಟ್ಟು ತಿಂದವರು ನಿಧಾನವಾಗಿ ಮತ್ತೆ ನಂಬಲು ಕಲಿಯುವ ಕಾದಂಬರಿಗಳು ಬೇಕಾದಷ್ಟಿವೆ. ನಾಯಕಿಗೆ ನಲವತ್ತು, ಐವತ್ತು ದಾಟಿರುವ ಕಥೆಗಳೂ ಇವೆ. ಅಂಥದ್ದರಲ್ಲಿ ಅವಳಿಗೆ ಒಬ್ಬ ಗೆಳತಿಯೋ ಪಕ್ಕದ ಮನೆಯ ಅಜ್ಜಿಯೋ ಇದ್ದೇ ಇರುತ್ತಾರೆ, ಎಷ್ಟೋ ಸಲ ನಾಯಕನಿಗಿಂತ ಹತ್ತಿರವಾಗುವುದು ಅವರೇ.

ಆ ರಾತ್ರಿ ಪುಸ್ತಕ ಹಿಡಿದು ಕೂರೋದು ಒಂಟಿತನದ ಗುರುತು ಅಂತ ಮಾತ್ರ ಅಂದುಕೊಳ್ಳಬೇಡಿ. ಐಸ್‌ಲ್ಯಾಂಡ್‌ನಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಬೇರೆ ಸಾಮಾನು ಸಿಗುವುದು ಕಷ್ಟವಾಗಿತ್ತು, ಕಾಗದದ ಮೇಲೆ ಅಷ್ಟು ಬಿಗಿ ಇರಲಿಲ್ಲ. ಹಾಗಾಗಿ ಜನ ಪುಸ್ತಕವನ್ನೇ ಉಡುಗೊರೆ ಕೊಡತೊಡಗಿದರು. ಈಗಲೂ ಅಲ್ಲಿ 24ರ ಸಂಜೆ ಉಡುಗೊರೆ ಬಿಚ್ಚಿದ ಮೇಲೆ ಎಷ್ಟೋ ಮನೆಗಳಲ್ಲಿ ಒಬ್ಬೊಬ್ಬರು ಒಂದೊಂದು ಪುಸ್ತಕ ಹಿಡಿದು ಮೂಲೆ ಸೇರುತ್ತಾರೆ. ಮನೆ ತುಂಬಾ ಜನ ಇದ್ದರೂ ಓದೋದು ಒಬ್ಬೊಬ್ಬರೇ.

ಓದಲು ಆಗದಿದ್ದರೆ ಮುಚ್ಚಿಡಿ, ಜನವರಿಯಲ್ಲಿ ಓದಿ. ಯಾವ ಪುಸ್ತಕ ಓದಿದಿರಿ ಅಂತ ನನಗೆ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.